ಬಿಸಿಲಿನ ಸರದಿ

ಮಗುವಿನ ಎಡಗಾಲಿಗೆ ಎಣ್ಣೆ ತಿಕ್ಕಿ ಮುಗಿಸಿ ಬಲಗಾಲನ್ನು ಕೈಗೆ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಚಾಪೆಯ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಚಂದಯ್ಯ. ನಾಲ್ಕು ದೊಡ್ಡ ಮನೆತನಗಳ ಪಾರುಪತ್ಯ ನೋಡಿಕೊಳ್ಳುವವನು. ವರ್ಷಕ್ಕೆ ಒಂದೆರಡು ಸಲ ಮಾತ್ರ ನಮ್ಮ ಕೆಳಬೀದಿಗೆ ಇಳಿಯುತ್ತಾನೆ, ಇಳಿದಾಗಲೆಲ್ಲ ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿರುತ್ತಾನೆ.

"ಮೆಟ್ಟಿಲು ಬೊಮ್ಮಯ್ಯನ ಹೆಂಡ್ತಿ ನೀನೇ ಅಲ್ವೇನಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಎದುರು ಜಗಲಿಯಿಂದ ದ್ಯಾವಮ್ಮ ಕೂಗಿದಳು. "ಏ ಅಪ್ಪಾ, ಯಾರಾದ್ರೂ ಆಗಿರು, ಮೊದ್ಲು ಅತ್ಲಾಗೆ ಸರಿ. ಮಗೀನ ಬಿಸಿಲನ್ನೆಲ್ಲ ಬೆನ್ನಿಗೆ ಹಾಕ್ಕೊಂಡು ನಿಂತಿದ್ದೀಯಲ್ಲ. ನಿನ್ನ ಸರದಿ ಇನ್ನೂ ಬಂದಿಲ್ಲ."

ಚಂದಯ್ಯನಿಗೆ ಅರ್ಥವಾಗಲಿಲ್ಲ. ಆದರೂ ಸರಿದ. ದ್ಯಾವಮ್ಮ ಕೂಗಿದರೆ ಎಮ್ಮೆಗಳೂ ಸರಿಯುತ್ತವೆ. ಬೀದಿಯ ಸೂಲಗಿತ್ತಿ ಅವಳು, ಬಿಸಿಲಿನ ಸರದಿ ನೋಡಿಕೊಳ್ಳುವವಳೂ ಅವಳೇ. ನಮ್ಮ ಬೀದಿಗೆ ದಿನಕ್ಕೆ ಒಂದೇ ಸಲ ಬಿಸಿಲು ಬರುತ್ತದೆ. ಮೇಲಿನ ನಾಲ್ಕು ಮನೆತನಗಳಲ್ಲೊಂದಾದ ಬೆಳ್ಗೊಡೆಯವರ ಮಹಡಿಯನ್ನು ದಾಟಿ, ಎರಡು ಚಾಪೆ ಹಾಸುವಷ್ಟಗಲ, ಒಂದು ಮಡಕೆ ಅನ್ನ ಬೇಯುವಷ್ಟು ಹೊತ್ತು. ಮೊದಲು ಹಸುಗೂಸುಗಳು, ಆಮೇಲೆ ಬಾಣಂತಿಯರ ಒದ್ದೆ ಕೂದಲು, ಆಮೇಲೆ ಮುದುಕರ ಮೊಣಕಾಲು. ಏನಾದರೂ ಉಳಿದರೆ ಮೆಣಸಿನಕಾಯಿ. ಮೆಣಸಿನಕಾಯಿಗೆ ಉಳಿಯುವುದು ಕಡಿಮೆ. ಹಾಗಾಗಿ ನಮ್ಮ ಸಾರಿಗೆ ಸಣ್ಣಗೆ ಒಂದು ಮುಗ್ಗಲು ವಾಸನೆ ಇರುತ್ತದೆ. ಬೇರೆ ಊರಿಂದ ಮದುವೆಯಾಗಿ ಬಂದವರಿಗೆ ಮೊದಲ ವರ್ಷ ಅದು ಹಿಡಿಸುವುದಿಲ್ಲ. ಆಮೇಲೆ ತವರಿಗೆ ಹೋದಾಗ ಅಲ್ಲಿನ ಸಾರು ಸಪ್ಪೆ ಅನ್ನಿಸುತ್ತದಂತೆ.

"ಈ ವರ್ಷ ಪ್ರಶ್ನೆ ಕೇಳೋ ಭಾಗ್ಯ ನಿನ್ನ ಮಗಳದ್ದು," ಅಂದ ಚಂದಯ್ಯ. "ಇವತ್ತಿಗೆ ಒಂಬತ್ತನೇ ದಿನ. ಮಾತು ಸ್ಪಷ್ಟವಾಗಿ ಬರ್ಬೇಕು. ಕಲಿಸಿಡು."

ಹೊನ್ನಿ ಒಳಗಿಂದ ನೀರಿನ ಚೊಂಬು ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಅವಳಿಗೆ ಎಂಟು ವರ್ಷ. ನನ್ನ ಕೈಯಲ್ಲಿ ಅವಳ ತಮ್ಮ ಚೆಲುವನ ಬಲಗಾಲು ಹಾಗೇ ಇತ್ತು. ಹದಿನಾಲ್ಕು ತಿಂಗಳಾದರೂ ಅವನು ಇನ್ನೂ ನಿಂತಿಲ್ಲ. ಕಾಲುಗಳು ಬಿಲ್ಲಿನ ಹಾಗೆ ಬಾಗಿವೆ. ಇದಕ್ಕೆ ಬಿಸಿಲೊಂದೇ ಮದ್ದು, ಬೇರೆ ಏನನ್ನೂ ಅರೆದು ಕುಡಿಸಬೇಡ ಎಂದು ದ್ಯಾವಮ್ಮ ಹೇಳಿದ್ದಳು.

ಪ್ರತಿ ವರ್ಷ ಊರು ಹುಟ್ಟಿದ ದಿನ ನಮ್ಮಲ್ಲಿ ನಡೆಯುವುದು ಹೀಗೆ. ಕೆಳಬೀದಿಯ ಮಗುವೊಂದು ಮೆಟ್ಟಿಲು ಹತ್ತಿ ಹೋಗಿ, ನಾಲ್ಕು ಮನೆತನಗಳ ಹಿರಿಯರ ಮುಂದೆ ನಿಂತು, "ಈ ಊರನ್ನು ಕಟ್ಟಿದವರು ಯಾರು?" ಎಂದು ಕೇಳಬೇಕು. ನಾಲ್ಕು ಕೊಂಪೆಗಳ ಸುತ್ತ ಒಂದೇ ಗೋಡೆ ಹಾಕಿದವರು ನಾವು ಎನ್ನುತ್ತಾರೆ ಆನೆಬಾಗಿಲವರು. ನಾಲ್ಕು ಬಾವಿಗಳ ನೀರನ್ನು ಒಂದೇ ಕೊಳಕ್ಕೆ ಸುರಿದು ಜಗಳ ನಿಲ್ಲಿಸಿದವರು ನಾವು ಎನ್ನುತ್ತಾರೆ ಬೆಳ್ಗೊಡೆಯವರು. ಹಾಲುಗಂಬದವರು ಸಂತೆ ಕೂಡಿಸಿದರಂತೆ, ಕತ್ತಿಯವರು ಕಾವಲು ಕಾದರಂತೆ. ಕೊನೆಗೆ ನಾಲ್ವರೂ ಸೇರಿ ಒಂದೇ ದನಿಯಲ್ಲಿ "ನಾವು" ಎನ್ನುತ್ತಾರೆ. ಅವರು ಹಾಗೆಂದ ಕೂಡಲೇ ಅವರ ನಾಲ್ಕು ಮನೆಗಳೂ ನೆಲದಿಂದ ಒಂದು ಮೊಳ ಮೇಲಕ್ಕೇಳುತ್ತವೆ. ಮಲಗಿದ್ದ ಎಮ್ಮೆ ಏಳುವಾಗ ಮಾಡುವಂಥ ಒಂದು ನರಳುವ ಸದ್ದು ಬರುತ್ತದೆ, ಅಷ್ಟೇ. ಒಳಗೆ ತುಂಬಿಟ್ಟ ಕೊಡದ ನೀರೂ ತುಳುಕುವುದಿಲ್ಲ.

ಆಮೇಲೆ ಹೊಸ ಹೊಸ್ತಿಲಿಗೂ ಹಳೇ ಮೆಟ್ಟಿಲಿಗೂ ನಡುವೆ ಉಳಿಯುವ ಒಂದು ಮೊಳದ ಅಂತರಕ್ಕೆ ಎರಡು ಮೆಟ್ಟಿಲು ಕಟ್ಟಬೇಕು. ಅದು ನಮ್ಮ ಮನೆಯವರ ಕೆಲಸ. ನನ್ನ ಗಂಡ ಬೊಮ್ಮಯ್ಯ, ಅವರ ಅಪ್ಪ, ಅವರ ಅಜ್ಜ, ಎಲ್ಲರೂ ಮೆಟ್ಟಿಲು ಕಟ್ಟಿದವರೇ. ಮನೆಗಳು ಎದ್ದ ದಿನವೇ, ಹೊತ್ತು ಇಳಿಯುವುದರೊಳಗೆ, ಯಾರೂ ಹೇಳುವ ಮೊದಲೇ ಮೆಟ್ಟಿಲು ಕೂತಿರಬೇಕು. ಮಾರನೆಯ ದಿನಕ್ಕೆ ಉಳಿದರೆ ಮನೆತನಕ್ಕೇ ಅವಮಾನ ಎಂದು ನಮ್ಮವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ನನ್ನ ಎಂಟನೇ ವಯಸ್ಸಿನಲ್ಲಿ ಆ ಪ್ರಶ್ನೆ ಕೇಳಿದವಳು ನಾನು. ಕೆಂಪು ರವಿಕೆ ಕೊಟ್ಟಿದ್ದರು. ಮನೆಗಳು ಏಳುವಾಗ ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿದ್ದೆ. ನಾನು ಕೇಳಿದ್ದಕ್ಕೆ ತಾನೇ ಎದ್ದವು ಎಂದು ಹೆಮ್ಮೆ. ಮಾರನೆಯ ದಿನ ನಮ್ಮವ್ವ ಹಪ್ಪಳ ಒಣಗಿಸಲು ಅಂಗಳಕ್ಕೆ ಬಂದರು. ಬಿಸಿಲು ಹುಡುಕುತ್ತಾ ಮೊರ ಹಿಡಿದು ಗೋಡೆಯಿಂದ ಗೋಡೆಗೆ ನಡೆದರು, ಆಮೇಲೆ ಹಪ್ಪಳವನ್ನು ಹಾಗೇ ಒಳಗೆ ಒಯ್ದರು. ಆ ರವಿಕೆ ನನಗೆ ಚಿಕ್ಕದಾಗುವ ತನಕ ನಾನು ಅದನ್ನೇ ಹಾಕಿಕೊಂಡೆ.

ಮಧ್ಯಾಹ್ನ ಬೊಮ್ಮಯ್ಯ ಊಟಕ್ಕೆ ಬಂದಾಗ ವಿಷಯ ಹೇಳಿದೆ. ಅವರು ತುತ್ತು ಕಲಸಿದರು. "ಅಳೆದಿದ್ದೀನಿ," ಅಂದರು ಆಮೇಲೆ. "ಕೋಲು ನೆಟ್ಟು ನಾಲ್ಕು ಸಲ ಅಳೆದೆ. ಇನ್ನೊಂದು ಮೊಳ ಎದ್ರೆ ಬೀದಿಗೆ ಬಿಸಿಲು ಬೀಳಲ್ಲ ಮಾಳಿ."

"ಸ್ವಲ್ಪಾನೂ?"

"ನಮ್ಮ ಸೂರಿನ ಮೇಲೆ ಬೀಳುತ್ತೆ. ನೆಲಕ್ಕಿಲ್ಲ."

"ಸೂರಿನ ಮೇಲೆ ಮಗು ಮಲಗಿಸೋಕಾಗುತ್ತಾ?"

"ಕಲ್ಲು ಕೆತ್ತಿ ಆಗಿದೆ," ಅಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಹೊನ್ನಿಗೆ ಕಲಿಸುವುದು ಕಷ್ಟವೇನಲ್ಲ. ನಾಲ್ಕೇ ಮಾತು. ಪಾತ್ರೆ ಬೆಳಗುತ್ತಾ ನಾನು ಹೇಳಿಕೊಟ್ಟೆ, ಅವಳು ಬೂದಿ ಹಾಕಿ ತೊಳೆಯುತ್ತಾ ಒಪ್ಪಿಸಿದಳು. "ಯಾರು ಅನ್ನೋದನ್ನ ಸ್ವಲ್ಪ ಎಳೀಬೇಕು," ಅಂದೆ. ಅವಳು ಎಳೆದಳು. ಆಮೇಲೆ, "ಅವ್ವ, ಉತ್ತರ ಎಲ್ಲರಿಗೂ ಗೊತ್ತಲ್ಲ, ಮತ್ತೆ ಯಾಕೆ ಕೇಳೋದು?" ಅಂದಳು.

"ಕೇಳೋದು ಪದ್ಧತಿ."

"ಗೊತ್ತಿಲ್ಲದ್ದನ್ನ ಕೇಳಬಾರದಾ?"

"ಏನು ಗೊತ್ತಿಲ್ಲ ನಿನಗೆ?"

ಅವಳು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಬೇಡ ಬಿಡು," ಅಂದಳು. ಅವತ್ತಿನಿಂದ ಅದೇ ಶುರುವಾಯಿತು. ನಾನು ಸೊಪ್ಪು ಬಿಡಿಸುವಾಗ ಬಂದು ಪಕ್ಕದಲ್ಲಿ ಕೂತು, "ಅವ್ವ, ಒಂದು ಕೇಳ್ಲಾ?" ಎನ್ನುವಳು. ಕೇಳು ಎಂದರೆ ನನ್ನ ಮುಖ ನೋಡಿ, "ಬೇಡ ಬಿಡು" ಎನ್ನುವಳು. ನಾನು ಒತ್ತಾಯ ಮಾಡಲಿಲ್ಲ. ಹಲ್ಲು ಅಲ್ಲಾಡುವಾಗ ಅದನ್ನು ನಾವು ಎಳೆಯಬಾರದು, ತಾನಾಗಿ ಬರಬೇಕು.

ನಾಲ್ಕನೆಯ ದಿನ ನಾನೇ ಮೆಟ್ಟಿಲು ಹತ್ತಿದೆ. ಒಟ್ಟು ಮುನ್ನೂರ ಹನ್ನೆರಡು. ಚೆಲುವ ಸೊಂಟದ ಮೇಲಿದ್ದ. ಬೆಳ್ಗೊಡೆಯವರ ಹಿರಿಯಮ್ಮ ಪದ್ಮಲಾದೇವಿ ಅಂಗಳದಲ್ಲಿ ಕೂತಿದ್ದರು. ಆ ಅಂಗಳದ ತುಂಬ ಬಿಸಿಲು ಚೆಲ್ಲಿ ಬಿದ್ದಿತ್ತು. ಹಾಸಿದ ಹಪ್ಪಳದ ಪಕ್ಕದಲ್ಲಿ ಬೆಕ್ಕೊಂದು ಬಿಸಿಲು ಸಾಕಾಗಿ ಎದ್ದು ನೆರಳಿಗೆ ಹೋಯಿತು. ನಾನು ಆ ಬೆಕ್ಕನ್ನೇ ನೋಡುತ್ತಾ ನಿಂತುಬಿಟ್ಟೆ.

"ಕೂತ್ಕೋ ಮಗಳೇ, ಏದುಸಿರು ಬಿಡ್ತಿದ್ದೀಯ," ಅಂದರು ಅವರು. ಕೆಟ್ಟ ಹೆಂಗಸಲ್ಲ. ನನಗೆ ಮಜ್ಜಿಗೆ ತರಿಸಿಕೊಟ್ಟರು. "ನಾನು ಕೆಳಗಿಳಿದು ನಲವತ್ತು ವರ್ಷ ಆಯ್ತು. ಮೊಣಕಾಲು ಕೇಳಲ್ಲ. ನಿಮ್ಮ ಬೀದೀಲಿ ಒಂದು ನುಗ್ಗೇಮರ ಇತ್ತಲ್ಲ, ಇದೆಯಾ?"

"ಬಿಸಿಲಿಲ್ಲದೆ ಸತ್ತುಹೋಯ್ತು ಅಮ್ಮಣ್ಣಿ."

"ಛೇ. ಒಳ್ಳೆ ಕಾಯಿ ಬಿಡ್ತಿತ್ತು."

ನಾನು ಬಂದ ಕಾರಣ ಹೇಳಿದೆ. ಈ ಒಂದು ವರ್ಷ ಪ್ರಶ್ನೆ ಬೇಡ, ಮಗು ಎದ್ದು ನಿಲ್ಲುವ ತನಕ ಬಿಸಿಲು ಬಿಟ್ಟುಕೊಡಿ. ಅವರು ಚೆಲುವನ ಕಾಲನ್ನು ಬೆರಳಿಂದ ಸವರಿ ನೋಡಿದರು. "ಹಾಗೆ ನಿಲ್ಲಿಸೋಕೆ ಬರಲ್ಲಮ್ಮ. ಊರು ಅಂದ್ರೆ ಸುಮ್ನೆ ಆದದ್ದಲ್ಲ. ನಾಲ್ಕು ಕೊಂಪೆ ಇದ್ವು. ಒಬ್ಬರ ಬಾವಿಗೆ ಇನ್ನೊಬ್ಬರು ಸತ್ತ ನಾಯಿ ಹಾಕೋರು. ನಮ್ಮ ಹಿರಿಯರು ಕೂತು ಮಾತಾಡಿ, ಹೆಣ್ಣು ಕೊಟ್ಟು ತಂದು, ನೀರು ಕೂಡಿಸಿ, ಒಂದು ಗೋಡೆ ಒಳಗೆ ಎಲ್ಲರನ್ನೂ ತಂದ್ರು. ಅವರಿಲ್ದಿದ್ರೆ ನೀವು ಇವತ್ತಿಗೂ ಕಲ್ಲು ತೂರಾಡ್ತಾ ಇರ್ತಿದ್ರಿ. ಸುಳ್ಳಾ?"

"ಸುಳ್ಳಲ್ಲ ಅಮ್ಮಣ್ಣಿ. ಆದ್ರೆ ನೀರು ಕೂಡಿಸಿದ ದಿನ ನಿಮ್ಮ ಮನೆಯೂ ನಮ್ಮ ಮನೆಯೂ ಒಂದೇ ಎತ್ತರ ಇತ್ತಂತಲ್ಲ?"

"ಇತ್ತು. ಆದ್ರೆ ಎತ್ತರದಿಂದ ನೋಡೋರು ಬೇಕಲ್ಲ? ಶತ್ರು ಬಂದ್ರೆ ಯಾರು ಕಾಣ್ಬೇಕು?"

"ಶತ್ರು ಯಾವಾಗ ಬಂದಿದ್ರು?"

"ಬಂದೇ ಇಲ್ಲ," ಅಂದರು ಪದ್ಮಲಾದೇವಿ. "ನಾವು ನೋಡ್ತಾ ಇರೋದಕ್ಕೇ ಬಂದಿಲ್ಲ."

ನನಗೆ ನಗು ಬಂತು. ತಡೆದುಕೊಂಡು ಮಜ್ಜಿಗೆ ಕುಡಿದೆ. ಅವರೂ ಸ್ವಲ್ಪ ನಕ್ಕ ಹಾಗಾಯಿತು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಒಂದು ಕೆಲಸ ಮಾಡು. ದಿನಾ ಬೆಳಗ್ಗೆ ಈ ಮಗುನ್ನ ಇಲ್ಲಿಗೆ ತಗೊಂಡು ಬಾ. ನನ್ನ ಅಂಗಳದಲ್ಲಿ ಮಲಗಿಸು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಎಣ್ಣೆ ನಾನೇ ಕೊಡ್ತೀನಿ."

"ಬೀದೀಲಿ ಇಂಥವು ಹನ್ನೊಂದು ಮಕ್ಕಳಿವೆ ಅಮ್ಮಣ್ಣಿ."

"ನಾನು ನಿನ್ನ ಮಗೂಗೆ ಹೇಳಿದೆ. ಊರನ್ನೆಲ್ಲ ಅಂಗಳಕ್ಕೆ ತರೋಕಾಗುತ್ತಾ? ನಿನ್ನ ಮಗಳು ಅವತ್ತು ಚೆಂದಾಗಿ ಕೇಳಲಿ, ಮಾರನೇ ದಿನದಿಂದ ಬಾ."

ಚೆಲುವನನ್ನು ಎತ್ತಿಕೊಂಡು ಇಳಿದೆ. ಅರ್ಧ ದಾರಿಯಲ್ಲಿ ಎದುರಾದ ಚಂದಯ್ಯ ಎಲ್ಲ ತಿಳಿದವನ ಹಾಗೆ ನಕ್ಕ. "ಒಪ್ಕೋ. ಅಮ್ಮಣ್ಣಿ ಹೀಗೆ ಯಾರಿಗೂ ಹೇಳಿದ್ದಿಲ್ಲ."

"ಮಗಳು ಕೇಳದಿದ್ರೆ ಏನಾಗುತ್ತೆ?"

"ಕೇಳದೆ ಇದ್ದೋರು ಇದುವರೆಗೆ ಯಾರೂ ಇಲ್ಲ. ಹಾಗಾಗಿ ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ," ಅಂದ. ಆಮೇಲೆ ಪಂಚೆಯ ಅಂಚು ಎತ್ತಿ ಹಿಡಿದು, "ಕೋಟೆ ಬಾಗಿಲು ಹೊರಗಡೆಗೂ ತೆರೀತದೆ. ಅಷ್ಟು ಮಾತ್ರ ಗೊತ್ತು," ಅಂದ.

ಮನೆಯಲ್ಲಿ ಬೊಮ್ಮಯ್ಯ ಈ ಮಾತು ಕೇಳಿದ ಕೂಡಲೇ, "ಕರ್ಕೊಂಡು ಹೋಗು" ಅಂದರು.

"ಮತ್ತೆ ಬೀದಿಯ ಬೇರೆ ಮಕ್ಕಳು? ಮುದ್ದಿಯ ಮಗು? ಆ ಅವಳಿ ಮಕ್ಕಳು?"

"ಎಲ್ಲರ ಮಕ್ಕಳನ್ನೂ ನಾವೇ ಹೆತ್ತಿದ್ದೀವಾ?" ಅಂದರು. ಅಂದವರು ಎದ್ದು ಹೊರಗೆ ಹೋಗಿ ಕೆತ್ತಿ ಮುಗಿಸಿದ್ದ ಕಲ್ಲನ್ನೇ ಮತ್ತೆ ಕೆತ್ತತೊಡಗಿದರು. ತಮ್ಮ ಮಾತು ತಮಗೇ ಸೇರದಾಗ ಅವರು ಹಾಗೆ ಮಾಡುತ್ತಾರೆ. ಹೊನ್ನಿ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮಾರನೆಯ ದಿನ ಬಿಸಿಲು ಬಂತು. ಚಾಪೆಯ ಮೇಲೆ ಒಂದರ ಪಕ್ಕ ಒಂದು ಮಕ್ಕಳನ್ನು ಮಲಗಿಸಿದೆವು. ದ್ಯಾವಮ್ಮ ಒಂದು ಹಾಡು ಹೇಳುತ್ತಾಳೆ, ಅದು ಮುಗಿದಾಗ ಒಂದು ಮಗುವನ್ನು ಎತ್ತಿ ಇನ್ನೊಂದನ್ನು ಮಲಗಿಸಬೇಕು. ಮುದ್ದಿಗೆ ಹದಿನೇಳು ವರ್ಷ, ಇದು ಮೊದಲ ಕೂಸು. ಅವಳ ಕೈಗೆ ಸರಿಯಾಗಿ ಎಣ್ಣೆ ತಿಕ್ಕಲೂ ಬರುವುದಿಲ್ಲ. ಹಾಡು ಬೇಗ ಮುಗಿಯುತ್ತದೆಂದು ಅವಳು ಪ್ರತಿ ದಿನ ದ್ಯಾವಮ್ಮನ ಜೊತೆ ಜಗಳವಾಡುತ್ತಾಳೆ. "ನೀನು ಮಧ್ಯದ ಸಾಲು ನುಂಗಿದೆ ಅಜ್ಜಿ, ನನಗೆ ಗೊತ್ತಾಯ್ತು." "ನುಂಗೋಕೆ ನನಗೆ ಹಲ್ಲೆಲ್ಲಿದೆಯೇ?"

ಪದ್ಮಲಾದೇವಿ ಅಂದದ್ದನ್ನು ದ್ಯಾವಮ್ಮನಿಗೆ ಮೆಲ್ಲಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ತಿರುಗಿ ಹೇಳಲು ಮಾತಿತ್ತು. ಅವಳು ಚೆಲುವನ ಹೊಟ್ಟೆಯ ಮೇಲೆ ಕೈಯಿಟ್ಟು, "ಹೋಗು ಮಗಾ. ಒಂದಾದ್ರೂ ನೆಟ್ಟಗೆ ನಿಲ್ಲಲಿ. ಇವತ್ತಿಂದ ನಿನ್ನ ಸರದಿ ಮುದ್ದಿ ಮಗೀಗೆ ಕೊಡ್ಲಾ? ಇನ್ನು ನಾಲ್ಕೇ ದಿನ ಉಳಿದಿರೋದು," ಅಂದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಕಾದಳು. ಆಮೇಲೆ ಚೆಲುವನನ್ನು ಎತ್ತದೆ, ಮುದ್ದಿಯ ಮಗುವನ್ನು ಅವನ ಪಕ್ಕದಲ್ಲೇ ಒತ್ತರಿಸಿ ಮಲಗಿಸಿದಳು. ಚೆಲುವ ಆ ಕೂಸಿನ ಕಿವಿ ಹಿಡಿದುಕೊಂಡ.

ಅವತ್ತು ಮನಸ್ಸಿನಲ್ಲೇ ಒಂದು ಲೆಕ್ಕ ಕೂಡಿಸಲು ನೋಡಿದೆ. ನನ್ನ ಮಗ ಮೇಲಿನ ಅಂಗಳದಲ್ಲಿ ನಡೆಯಲು ಕಲಿಯುತ್ತಾನೆ. ನಡೆಯುತ್ತಾ ಕೆಳಗೆ ಬರುತ್ತಾನೆ. ಇಲ್ಲಿ ಅವನ ಜೊತೆ ಆಡುವ ಮಕ್ಕಳು ತೆವಳುತ್ತಿರುತ್ತವೆ. ಅವುಗಳ ನಡುವೆ ಅವನು ನಿಂತಿರುತ್ತಾನೆ. ಅವನು ನಿಂತದ್ದನ್ನು ನೋಡಿ ಮುದ್ದಿ ನನ್ನ ಕಡೆ ತಿರುಗಿದರೆ ನಾನು ಎಲ್ಲಿ ನೋಡಲಿ? ಕೆಂಪು ರವಿಕೆ ಹಾಕಿಕೊಂಡು ಅವ್ವನ ಮುಂದೆ ಓಡಾಡಿದವಳು ನಾನು. ಒಂದು ಸಲ ಸಾಕು ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಒಲೆ ಉರಿಯುತ್ತಿರಲಿಲ್ಲ, ಊದಿದೆ, ಹೊತ್ತಿಕೊಂಡಿತು.

ಊರು ಹುಟ್ಟಿದ ದಿನದ ಬೆಳಗ್ಗೆ ಹೊನ್ನಿಗೆ ತಲೆ ಬಾಚುತ್ತಿದ್ದೆ. ಮೇಲಿಂದ ಬಂದ ಹೊಸ ಲಂಗ ಮಣೆಯ ಮೇಲಿತ್ತು, ಈ ಸಲ ಹಸಿರು. ಅವಳು ನನ್ನ ಮೊಣಕಾಲುಗಳ ನಡುವೆ ಕೂತು ಮತ್ತೆ ಅಂದಳು, "ಅವ್ವ, ಒಂದು ಕೇಳ್ಲಾ?"

"ನನ್ನ ಹತ್ರ ಬೇಡ. ಅಲ್ಲೇ ಕೇಳು."

ಅವಳು ಜಡೆ ಕಿತ್ತುಕೊಂಡು ತಿರುಗಿದಳು. "ಯಾವುದನ್ನ?"

"ನಿನ್ನದನ್ನ."

"ಬೈಯಲ್ವಾ?"

"ಇಲ್ಲ."

"ಅಪ್ಪ?"

"ಅಪ್ಪನ್ನ ನಾನು ನೋಡ್ಕೋತೀನಿ. ನೆಟ್ಟಗೆ ಕೂತ್ಕೋ, ಬೈತಲೆ ಸೊಟ್ಟ ಆಗುತ್ತೆ."

ಅವಳ ಪ್ರಶ್ನೆ ಏನೆಂದು ನಾನು ಕೇಳಲಿಲ್ಲ. ಕೇಳಿದ್ದರೆ ತಿದ್ದುತ್ತಿದ್ದೆ. ಮಕ್ಕಳ ಮಾತನ್ನು ತಿದ್ದದೆ ಬಿಡುವುದು ಸಾರಿಗೆ ಉಪ್ಪು ಹಾಕದೆ ಬಿಟ್ಟ ಹಾಗೆ, ಕೈ ತಡೆಯುವುದಿಲ್ಲ. ಹೊಸ ಲಂಗವನ್ನು ಅವಳು ಮುಟ್ಟಲಿಲ್ಲ, ನಾನೂ ತೊಡಿಸಲಿಲ್ಲ. ಮೊಣಕಾಲಿನ ಹತ್ತಿರ ತೇಪೆಯಿದ್ದ ಹಳೇ ಲಂಗದಲ್ಲೇ ಹೊರಟಳು.

ಬೀದಿಯವರೆಲ್ಲ ಹತ್ತಿದೆವು. ಮುಂದೆ ತಮಟೆ, ಹಿಂದೆ ಮುದುಕರು. ದ್ಯಾವಮ್ಮ ಹತ್ತು ಮೆಟ್ಟಿಲಿಗೊಮ್ಮೆ ಕೂತು, "ನಿಮ್ಮ ಮಾವನ ಕೈಕೆಲಸ ನೋಡು, ಎಷ್ಟು ಎತ್ತರ ಇಟ್ಟಿದ್ದಾನೆ, ಸತ್ತು ಸುಖವಾಗಿದ್ದಾನೆ," ಎಂದು ನನ್ನನ್ನು ಬೈದಳು. ಹೊನ್ನಿ ಮಾತಾಡದೆ ಹತ್ತಿದಳು. ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮೇಲೆ ನಾಲ್ಕು ಪೀಠಗಳಲ್ಲಿ ನಾಲ್ಕು ಮನೆತನದ ಹಿರಿಯರು ಕೂತಿದ್ದರು. ಪದ್ಮಲಾದೇವಿ ನನ್ನ ಸೊಂಟದ ಮೇಲಿದ್ದ ಚೆಲುವನನ್ನು ಕಂಡು ತಲೆಯಾಡಿಸಿದರು. ಹೊನ್ನಿಯ ಲಂಗ ಕಂಡು ಅವರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ತಮಟೆ ನಿಂತಿತು. ಚಂದಯ್ಯ ಹೊನ್ನಿಯನ್ನು ಭುಜ ಹಿಡಿದು ನಡುಮಧ್ಯದ ಕಲ್ಲಿನ ಮೇಲೆ ನಿಲ್ಲಿಸಿದ.

ಅವಳು ಸುಮ್ಮನೆ ನಿಂತಳು. ಎಲ್ಲರೂ ಕಾದರು.

"ಈ ಊರನ್ನು..." ಎಂದು ಚಂದಯ್ಯ ಪಿಸುಗುಟ್ಟಿದ. "ಹೇಳು ಮಗೂ. ಈ ಊರನ್ನು ಕಟ್ಟಿದವರು..."

"ಅದು ನನಗೆ ಬರುತ್ತೆ," ಅಂದಳು ಹೊನ್ನಿ ಜೋರಾಗಿ. "ನನ್ನದು ಬೇರೆ ಇದೆ."

ಹಾಲುಗಂಬದವರ ಕಡೆಯಿಂದ ಒಂದು ನಗು ಬಂದು ಅರ್ಧಕ್ಕೆ ನಿಂತಿತು. ಚಂದಯ್ಯ ಅವಳ ತೋಳಿಗೆ ಕೈ ಹಾಕಿದ. ನಾನು ಯಾವಾಗ ನಡೆದೆನೋ ಗೊತ್ತಿಲ್ಲ, ಅವಳ ಬೆನ್ನ ಹಿಂದೆ ನಿಂತಿದ್ದೆ. "ಕೈ ತೆಗಿ," ಅಂದೆ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಚಪ್ಪಾಳೆ ತಟ್ಟಿದ್ದು ಅದೇ ಕಲ್ಲಿನ ಮೇಲೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇದು ಕೆಳಬೀದಿಯ ಪ್ರಶ್ನೆ. ಏನು ಕೇಳ್ಬೇಕು ಅಂತ ಕೆಳಬೀದಿಯೋಳೇ ಹೇಳ್ತಾಳೆ."

"ಬೊಮ್ಮಯ್ಯಾ! ನಿನ್ನ ಹೆಂಡ್ತೀನ ಕರ್ಕೋ!" ಎಂದು ಚಂದಯ್ಯ ಕೂಗಿದ.

ನಾನು ತಿರುಗಿ ನೋಡಿದೆ. ಬೊಮ್ಮಯ್ಯ ಗುಂಪಿನ ಮುಂದೆ ನಿಂತಿದ್ದರು, ಕೈಯಲ್ಲಿ ಕರಣೆ, ಮುಖ ಸುಣ್ಣದ ಹಾಗೆ. ಆಮೇಲೆ ಮೆಲ್ಲಗೆ ಕುಕ್ಕರುಗಾಲಲ್ಲಿ ನೆಲಕ್ಕೆ ಕೂತುಬಿಟ್ಟರು. ಅವರು ಕೂತದ್ದು ನೋಡಿ ದ್ಯಾವಮ್ಮ ಕೂತಳು. ಮುದ್ದಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಒಬ್ಬೊಬ್ಬರಾಗಿ ಬೀದಿಯವರೆಲ್ಲ ಕೂತರು, ಇನ್ನು ಉತ್ತರ ಸಿಗುವ ತನಕ ಏಳುವುದಿಲ್ಲ ಎನ್ನುವವರ ಹಾಗೆ.

ಪದ್ಮಲಾದೇವಿ ಕೈಯೆತ್ತಿ ಚಂದಯ್ಯನನ್ನು ತಡೆದರು. ಅವರ ಕಣ್ಣು ನನ್ನ ಮೇಲಿತ್ತು. "ನಿನ್ನ ಮಗನ ಕಾಲು ನೆನಪಿದೆ ತಾನೇ ಮಾಳಿ?" ಅಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

"ಇದೆ ಅಮ್ಮಣ್ಣಿ. ಹನ್ನೊಂದು ಮಕ್ಕಳದ್ದೂ ಇದೆ."

ಅವರು ಹೊನ್ನಿಯ ಕಡೆ ತಿರುಗಿದರು. "ಕೇಳು ಮಗೂ. ಏನದು ನಿನ್ನದು?"

ಹೊನ್ನಿ ಮೊದಲು ನನ್ನ ಮುಖ ನೋಡಿದಳು, ಒಂಬತ್ತು ದಿನ ನೋಡಿದ ಹಾಗೆಯೇ. ಈ ಸಲ ಬೇಡ ಬಿಡು ಅನ್ನಲಿಲ್ಲ. ನಾಲ್ಕು ಪೀಠಗಳನ್ನೂ ಒಂದೊಂದಾಗಿ ನೋಡಿದಳು. ಅಣಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳುವ ಮಗುವಿನ ದನಿಯಲ್ಲಿ, ಒಂದೊಂದು ಮಾತನ್ನೂ ಸ್ಪಷ್ಟವಾಗಿ ಬಿಡಿಸಿ ಕೇಳಿದಳು:

"ಇನ್ನುಮೇಲೆ ನಾವು ಮೆಟ್ಟಿಲು ಕಟ್ಟಲ್ಲ ಅಂದ್ರೆ, ನೀವು ಕೆಳಗೆ ಹೇಗೆ ಬರ್ತೀರಿ?"